ಮೇಲೆದ್ದವರನ್ನು ಏಕೆಂದು ಕೇಳಬಾರದು

ಫೆಬ್ರವರಿ 11

ಭಾವನವರಿಗೆ,

ಫೋನು ಮಾಡಬಹುದಿತ್ತು, ಮಾಡಲೂ ಹೊರಟೆ. ಆದರೆ ನೀವು ಪೈಲಟ್‌ಗಳ ಮುಖ್ಯಸ್ಥರಾಗಿ ಆ ಗಾಜಿನ ಕೋಣೆಗೆ ಹೋದಮೇಲೆ ನಿಮಗೆ 'ಸರ್' ಅನ್ನಬೇಕೋ 'ಭಾವ' ಅನ್ನಬೇಕೋ ತಿಳಿಯದೆ ಮೊದಲ ಮಾತಿಗೇ ತೊದಲುತ್ತೇನೆ. ಕಾಗದದಲ್ಲಾದರೆ ಧೈರ್ಯವಾಗಿ ಭಾವ ಎಂದೇ ಬರೆಯಬಹುದು. ಇದನ್ನು ಅಕ್ಕನ ಗಂಡನಿಗೆ ಬರೆಯುತ್ತಿದ್ದೇನೆ. ಮುಖ್ಯಸ್ಥರಿಗೆ ಬರೆಯುವುದಾದರೆ ನಮ್ಮ ಪೈಲಟ್‌ಗಳ ಸಂಘದ ಮೊಹರು ಒತ್ತಿದ ಕಾಗದ ಬೇರೆ ಇದೆ.

ನಿಮ್ಮ ಸಹಿಯ ಸುತ್ತೋಲೆ ಇವತ್ತು ಬೆಳಿಗ್ಗೆ ನಮ್ಮ ಕೋಣೆಯ ಗೋಡೆಗೆ ಅಂಟಿತು. ಕಾಫಿ ಯಂತ್ರದ ಪಕ್ಕದಲ್ಲೇ, ಯಾರ ಕಣ್ಣಿಗೂ ತಪ್ಪದ ಹಾಗೆ. ಇನ್ನು ಮುಂದೆ ಇಳಿಯುವುದನ್ನು ಅರ್ಧಕ್ಕೆ ಬಿಟ್ಟು ಮೇಲೆದ್ದ ಪ್ರತಿ ಕ್ಯಾಪ್ಟನ್ ತಾನು ಏಕೆ ಎದ್ದೆ ಎಂದು ಅಂದೇ ಲಿಖಿತ ವಿವರಣೆ ಕೊಡಬೇಕಂತೆ. ಕಾರಣ ಸಮಾಧಾನಕರವಾಗಿ ಇಲ್ಲದಿದ್ದರೆ ಕಂಪನಿ 'ಸೂಕ್ತ ಕ್ರಮ' ಕೈಗೊಳ್ಳುತ್ತದಂತೆ. ಓದಿ ಮುಗಿಸಿ ನಮ್ಮ ದಡಿಯ ಕ್ಯಾಪ್ಟನ್ ನನ್ನ ಕಡೆ ತಿರುಗಿ, "ಇದು ಮೇಷ್ಟ್ರ ಸಹೀನೇ ಏನೋ? ಸರಿಯಾಗಿ ನೋಡು" ಅಂದ. ನೋಡುವುದೇನು ಬಂತು? ಹಾರಲು ಕಲಿತಾಗಿನ ನನ್ನ ಮೊದಲ ಲಾಗ್‌ಬುಕ್ಕಿನ ತುಂಬ ನಿಮ್ಮ ಅದೇ ಸಹಿ.

ಭಾವ, ನಮಗೆಲ್ಲ ಇಳಿಯುವುದನ್ನು ಕಲಿಸಿದವರು ನೀವು. ಅದಕ್ಕೂ ಮೊದಲು ಏಳುವುದನ್ನು ಕಲಿಸಿದಿರಿ. ರನ್‌ವೇ ಕಣ್ಣೆದುರಿಗೇ ಇರುತ್ತದೆ, ಹಿಂದೆ ಕೂತವರು ಆಗಲೇ ಬೆಲ್ಟಿಗೆ ಕೈ ಹಾಕಿರುತ್ತಾರೆ. ಆದರೂ ಎತ್ತರವೋ ವೇಗವೋ ಗಾಳಿಯೋ ಸರಿಯಿಲ್ಲ ಅನ್ನಿಸಿತೋ, ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮೇಲೆದ್ದು, ಒಂದು ಸುತ್ತು ಹಾಕಿ ಮತ್ತೆ ಬರಬೇಕು. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದೆ. ನೀವು 'ಏಳು' ಅಂದಿರಿ, ನಮ್ಮಲ್ಲಿ ಅದೇ ನಿಂತಿತು. ನೀವು "ಏಳು, ಏಳು!" ಎಂದು ಕೂಗಿದಾಗ ಹೊಸ ಕೋ-ಪೈಲಟ್ ಯಾವುದೋ ಮೀಟರಿನ ಮುಳ್ಳು ನೋಡಿ "ಏಳಲ್ಲ ಸರ್, ಎಂಟು" ಎಂದ ಕಥೆ ಈಗಲೂ ಕ್ಯಾಂಟೀನಿನಲ್ಲಿ ಓಡಾಡುತ್ತದೆ. ಆ ಪುಣ್ಯಾತ್ಮ ನಾನೇ ಎಂಬುದನ್ನು ಮಾತ್ರ ನೀವು ಯಾರಿಗೂ ಹೇಳಲಿಲ್ಲ.

ಏಳು ಎಂದು ಯಾರು ಬೇಕಾದರೂ ಹೇಳಬಹುದು, ನಿನ್ನೆ ಸೇರಿದವರೂ ಹೇಳಬಹುದು, ಹೇಳಿದ ಮೇಲೆ ಏಳಲೇಬೇಕು ಎಂದಿರಿ. ಮೇಲೆದ್ದವರನ್ನು ಏಕೆಂದು ಕೇಳಬಾರದು ಎಂದಿರಿ. ಕೇಳಿದರೆ ಮುಂದಿನ ಸಲ ಅವನು ಏಳುವ ಬದಲು ಉತ್ತರ ಹುಡುಕುತ್ತ ಕೂರುತ್ತಾನೆ, ಅಲ್ಲಿ ಅಷ್ಟು ಪುರಸೊತ್ತು ಇರುವುದಿಲ್ಲ ಎಂದಿರಿ. ಒಂದಕ್ಷರ ಮರೆತಿಲ್ಲ.

ಈಗ ಕೇಳುತ್ತಿರುವವರು ನೀವೇ. ಯಾಕೆ ಭಾವ?

ನಿಮ್ಮ ಭಾವಮೈದುನ


ಫೆಬ್ರವರಿ 20

ಮೊಂಡ,

ನಿನ್ನ ಕಾಗದವನ್ನು ನಿನ್ನ ಅಕ್ಕ ನನಗಿಂತ ಮೊದಲು ಒಡೆದು ಓದಿದಳು. ಹಾಗಾಗಿ ಉತ್ತರ ಬರೆಯಲು ಕೂರುವ ಮುಂಚೆಯೇ ನನಗೆ ಒಂದು ಸುತ್ತು ಮಂಗಳಾರತಿ ಆಗಿದೆ. ಇನ್ನು ನಿನ್ನ ಪಾಲಿನದು ಎಷ್ಟು ಬಾಕಿ ಇದ್ದರೂ ಸ್ವೀಕರಿಸುತ್ತೇನೆ.

ಆದರೆ ಸಭೆಯ ಮೇಜಿನ ಮೇಲೆ ಮೊದಲು ಬಂದದ್ದು ಏನು ಎಂದು ನಿನಗೆ ಗೊತ್ತಿಲ್ಲ. ಮೇಲೆದ್ದಾಗ ಸುಟ್ಟ ಇಂಧನದ ದುಡ್ಡನ್ನು ಕ್ಯಾಪ್ಟನ್ ಸಂಬಳದಲ್ಲೇ ಮುರಿದುಕೊಳ್ಳಬೇಕು ಎಂದು ಹಣಕಾಸಿನವರು ಬರೆದುಕೊಂಡೇ ಬಂದಿದ್ದರು. ದೊಡ್ಡವರು, ಅಂದರೆ ನಮ್ಮ ಕಂಪನಿಯ ಯಜಮಾನರು, ತಲೆಯಾಡಿಸುತ್ತಿದ್ದರು. ನಾನು ಒಬ್ಬನೇ ಎದ್ದು ನಿಂತು ಗಂಟಲು ಹರಿಯುವಷ್ಟು ವಾದಿಸಿ, ಅದನ್ನು ಒಂದು ಪುಟದ ವಿವರಣೆಗೆ ಇಳಿಸಿ ಬಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು. ನಾನು ಸಹಿ ಹಾಕದಿದ್ದರೆ ವಿಮಾನದ ಮೂತಿ ಯಾವುದು ಬಾಲ ಯಾವುದು ತಿಳಿಯದ ಯಾರೋ ಒಬ್ಬರು ಹಾಕುತ್ತಿದ್ದರು, ಅದೂ ಮೊದಲಿನ ಕಾಗದಕ್ಕೆ.

ಮೂರು ಸಾಲು ಗೀಚಿ ಕೊಡಿ, ಅಷ್ಟೇ. ನಾನು ಓದಿ ಫೈಲಿಗೆ ಸೇರಿಸುತ್ತೇನೆ. ಕ್ರಮ ಗಿಮ ಎಲ್ಲ ಮೇಲಿನವರ ಸಮಾಧಾನಕ್ಕೆ ಹಾಕಿದ ಮಾತು. ಇದ್ದಬದ್ದ ನಾಲ್ಕು ವಿಮಾನ ಇಟ್ಟುಕೊಂಡು ಸಣ್ಣ ಊರುಗಳಿಗೆ ಹಾರುವ ಕಂಪನಿ ಇದು. ಇದೂ ಬಾಗಿಲು ಹಾಕಿದರೆ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ಗಾಜಿನ ಕೋಣೆ ಅಂದೆಯಲ್ಲ, ಹೊರಗಿನವರಿಗೆ ಒಳಗಿನದು ಕಾಣುತ್ತದೆ, ಒಳಗಿರುವವನಿಗೆ ಸೆಕೆ ಮಾತ್ರ.

ಭಾನುವಾರ ಊಟಕ್ಕೆ ಬಾ. ಊಟದ ಮೇಜಿನಲ್ಲಿ ಆಫೀಸಿನ ಮಾತು ತೆಗೆದವರು ಪಾತ್ರೆ ತೊಳೆಯಬೇಕು ಎಂದು ನಿನ್ನ ಅಕ್ಕನ ಆಜ್ಞೆಯಾಗಿದೆ.

ನಿನ್ನ ಭಾವ


ಏಪ್ರಿಲ್ 3

ತಮ್ಮಾ,

ಎಷ್ಟು ಭಾನುವಾರ ನಿನ್ನ ತಟ್ಟೆ ಇಟ್ಟು ತೆಗೆದೆ ಎಂದು ಲೆಕ್ಕ ಇಡುವ ಪೈಕಿ ನಾನಲ್ಲ. ಆದರೆ ಮೊನ್ನೆ ಇಡಲಿಲ್ಲ. ಇವರು ಖಾಲಿ ಜಾಗ ನೋಡಿ, "ಅವನು ಬರಲ್ವಂತಾ?" ಅಂದರು. "ನೀವೇ ಕೇಳಿ, ನಿಮ್ಮ ಕೈಕೆಳಗೆ ತಾನೇ ಇರೋದು" ಅಂದೆ. ಎದ್ದು ಕೈ ತೊಳೆದುಕೊಂಡರು. ಅರ್ಧ ಊಟ ತಟ್ಟೆಯಲ್ಲೇ ಇತ್ತು. ನನ್ನ ನಾಲಿಗೆಯೂ ಕೆಲವು ಸಲ ಉದ್ದವಾಗುತ್ತದೆ, ಒಪ್ಪುತ್ತೇನೆ.

ನೀವಿಬ್ಬರೂ ಆಕಾಶದಲ್ಲಿ ಇರುವವರು. ನೆಲದ ಮೇಲೆ ಇರುವವಳು ನಾನೊಬ್ಬಳೇ. ದಿನವಿಡೀ ಕ್ಲಿನಿಕ್ಕಿನಲ್ಲಿ ಮಂದಿಯ ಹಲ್ಲು ಕಿತ್ತು ಮನೆಗೆ ಬಂದರೆ, ಇಲ್ಲಿ ಒಬ್ಬರ ಬಾಯಿಂದ ಒಂದು ಮಾತು ಕೀಳುವುದು ಅದಕ್ಕಿಂತ ಕಷ್ಟವಾಗಿದೆ. ಅವರ ಕಡೆ ಮಾತಾಡಿದರೆ ತವರು ಬಿಟ್ಟೆ ಅನ್ನುತ್ತೀಯ. ನಿನ್ನ ಕಡೆ ಮಾತಾಡಿದರೆ ಅವರು ಏನೂ ಅನ್ನುವುದಿಲ್ಲ, ಅದು ಇನ್ನೂ ಕೆಟ್ಟದ್ದು. ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಅಂತಾರಲ್ಲ, ಅದು ನಾನೇ.

ನಿನ್ನ ಮೀಸೆ ಚಿಗುರುವ ಮುಂಚೆ ನಿನ್ನನ್ನು ಪುಟ್ಟ ತರಬೇತಿ ವಿಮಾನದಲ್ಲಿ ಕೂರಿಸಿ ಮೇಲೆ ಕರೆದುಕೊಂಡು ಹೋದವರು ಅವರು. ನೀನು ವಾಂತಿ ಮಾಡಿಕೊಂಡ ಅಂಗಿಯನ್ನು ನನಗೆ ತಿಳಿಯದ ಹಾಗೆ ತಾವೇ ಒಗೆದಿದ್ದರು. ಇವನ್ನೆಲ್ಲ ಹೇಳಿ ನಿನ್ನನ್ನು ಕಟ್ಟಿಹಾಕುವ ಉದ್ದೇಶ ನನಗಿಲ್ಲ. ಇದೆ, ಯಾಕಿಲ್ಲ? ಬಂದು ಎದುರುಬದುರು ಕೂತು ಜಗಳವಾಡು. ಪಾತ್ರೆ ನಾನೇ ತೊಳೆಯುತ್ತೇನೆ.

ನಿನ್ನ ಅಕ್ಕ


ಮೇ 16

ಭಾವನವರಿಗೆ,

ಅಕ್ಕ ಕರೆದಳು, ನಾನು ಬರಲಿಲ್ಲ. ಬಂದಿದ್ದರೆ ಏನು ಮಾತಾಡುತ್ತಿದ್ದೆವೋ ಅದನ್ನೇ ಬರೆಯುತ್ತೇನೆ.

ಹೋದ ವಾರ ಆ ಗುಡ್ಡದ ಊರಿನಲ್ಲಿ ಹಿಂದಿನಿಂದ ಗಾಳಿ ತಳ್ಳಿತು. ಎದ್ದೆ. ಸುತ್ತು ಹಾಕಿ ಬಂದು ಇಳಿದೆ. ವಿವರಣೆಯಲ್ಲಿ 'ಅನುಮಾನ ಬಂತು' ಎಂದು ಬರೆದೆ, ನೀವು ಕಲಿಸಿದ ಹಾಗೆ. ಮರುದಿನ ಅದು ನಿಮ್ಮ ಕಚೇರಿಯಿಂದ ಕೆಂಪು ಶಾಯಿಯಲ್ಲಿ 'ಸಾಲದು' ಎಂಬ ಮಾತು ಹೊತ್ತು ವಾಪಸ್ಸು ಬಂತು. ಅಕ್ಷರ ನಿಮ್ಮದಲ್ಲ. ನಿಮ್ಮದಾಗಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ನೀವು ಓದಿ ಫೈಲಿಗೆ ಹಾಕುತ್ತೇನೆ ಎಂದಿದ್ದಿರಿ, ಈಗ ಓದುತ್ತಿರುವವರು ಬೇರೆ ಯಾರೋ. ಇದು ನಿಮಗೆ ಗೊತ್ತೇ?

ನನ್ನದು ಬಿಡಿ, ನಾನು ಹೆಸರಿಗೆ ತಕ್ಕ ಮೊಂಡ. ಕಿರಿಯರ ಗತಿ ಹೇಳುತ್ತೇನೆ. ನಮ್ಮಲ್ಲಿ ಹೊಸದಾಗಿ ಸೇರಿದ ಒಬ್ಬಳು ಕೋ-ಪೈಲಟ್ ಇದ್ದಾಳೆ, ಎಲ್ಲರೂ ಮರಿ ಅನ್ನುತ್ತೇವೆ. ಕುಳ್ಳಿ, ಸೀಟಿಗೆ ಹಾಕಿಕೊಳ್ಳಲು ಮನೆಯಿಂದ ದಿಂಬು ತರುತ್ತಾಳೆ, ಸಾಮಾನಿನ ಗಾಡಿ ತಳ್ಳುವವರಿಗೂ ಬಾಯಿ ತುಂಬ ಸರ್ ಅನ್ನುತ್ತಾಳೆ. ನೌಕರಿ ಇನ್ನೂ ಕಾಯಂ ಆಗಿಲ್ಲ. ಮೊನ್ನೆ ಅವಳ ಪಕ್ಕ ಕೂತ ಕ್ಯಾಪ್ಟನ್ ಏಳಬೇಕಾದಲ್ಲಿ ಏಳದೆ, ರನ್‌ವೇ ಅರ್ಧ ಮುಗಿದ ಮೇಲೆ ಚಕ್ರ ಊರಿದ. ಕೆಳಗಿಳಿದು ಬಂದು ನನ್ನನ್ನು ಕೇಳಿದಳು: "ಸರ್, ತರಬೇತೀಲಿ ಹೇಳ್ಕೊಟ್ಟಿದ್ದು ನಿಜವಾ, ಗೋಡೆ ಮೇಲೆ ಇರೋದು ನಿಜವಾ?" ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದೆ. ಉತ್ತರ ಹೊಳೆದರೆ ತಿಳಿಸಿ.

ಈಗ ಎಲ್ಲರೂ ಹೀಗೆಯೇ. ಕೈ ಇಂಜಿನ್ನಿನ ಲಿವರಿನ ಮೇಲಿದ್ದರೂ ಮನಸ್ಸು ಆಗಲೇ ವಿವರಣೆ ಬರೆಯುತ್ತಿರುತ್ತದೆ. ಒಂದಲ್ಲ ಒಂದು ದಿನ ಇದು ಯಾರ ತಲೆಯ ಮೇಲಾದರೂ ಬೀಳುತ್ತದೆ ಭಾವ. ಇಂಥ ಮಾತನ್ನು ಬಾಯಲ್ಲಿ ಆಡಲೂ ಹೆದರಿಕೆಯಾಗುತ್ತದೆ.

ಸುತ್ತೋಲೆ ವಾಪಸ್ಸು ತೆಗೆದುಕೊಳ್ಳಿ. ತಿಂಗಳ ಕೊನೆಯೊಳಗೆ ಆಗದಿದ್ದರೆ ಸಂಘ ಹಾರಾಟ ನಿಲ್ಲಿಸುತ್ತದೆ. ನಾನೂ ಕೈ ಎತ್ತಿದ್ದೇನೆ. ಬೇರೆಯವರ ಬಾಯಿಂದ ನಿಮಗೆ ತಿಳಿಯುವುದು ಬೇಡವೆಂದು ಬರೆದೆ.

ನಿಮ್ಮ ಭಾವಮೈದುನ


ಮೇ 29

ಕ್ಯಾಪ್ಟನ್ ಅವರಿಗೆ,

ಸಂಘದ ನೋಟಿಸು ತಲುಪಿತು. ಅದಕ್ಕಿಂತ ಮೊದಲು ಪತ್ರಿಕೆಯವರಿಗೆ ತಲುಪಿತ್ತು. ನನ್ನ ಫೋಟೊ ಹಾಕಿ 'ಶಿಷ್ಯರೇ ತಿರುಗಿಬಿದ್ದ ಗುರು' ಎಂದು ಬರೆದಿದ್ದಾರೆ. ಯಾರೋ ಪುಣ್ಯಾತ್ಮರು ಅದನ್ನು ಕತ್ತರಿಸಿ ನನ್ನ ಕಾರಿನ ಗಾಜಿಗೆ ಸಿಕ್ಕಿಸಿದ್ದರು. ನೀನಲ್ಲ ಎಂದು ನಿನ್ನ ಅಕ್ಕನಿಗೆ ಹೇಳಿದ್ದೇನೆ. ನನಗೂ ಹಾಗೇ ಹೇಳಿಕೊಂಡಿದ್ದೇನೆ.

ನಿನ್ನ ಹೋದ ಕಾಗದ ಓದಿದ ಮೇಲೆ ವಿಚಾರಿಸಿದೆ. ಕೆಂಪು ಶಾಯಿ ಹಣಕಾಸಿನವರದು. ಫೈಲು ನನ್ನ ಮೇಜು ದಾಟಿ ಅವರ ಮೇಜಿಗೆ ಹೋಗುತ್ತಿತ್ತು, ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು. ಸುತ್ತೋಲೆ ಹಿಂತೆಗೆದುಕೊಳ್ಳುವ ಕಾಗದವನ್ನು ಬರೆದೂ ಇಟ್ಟಿದ್ದೆ, ಸಹಿಯೊಂದು ಬಾಕಿ. ಅಷ್ಟರಲ್ಲಿ ನಿಮ್ಮ ನೋಟಿಸು ಬಂತು. ಈಗ ಸಹಿ ಹಾಕಿದರೆ ಹೆದರಿ ಹಾಕಿದೆ ಎಂದಾಗುತ್ತದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು. ನೀವು ಕೆಲಸಕ್ಕೆ ಮರಳಿದ ದಿನ ಆ ಸುತ್ತೋಲೆಯನ್ನು ನನ್ನ ಕೈಯಾರೆ ಹರಿದು ಹಾಕುತ್ತೇನೆ. ಅದಕ್ಕೆ ಮೊದಲು ಇಲ್ಲ.

ಅಲ್ಲಿಯವರೆಗೆ ಜನ ನಿಲ್ದಾಣದಲ್ಲಿ ಕೂರುವ ಹಾಗಿಲ್ಲ. ಆಸ್ಪತ್ರೆಗೆ ಹೋಗುವವರಿದ್ದಾರೆ, ಪರೀಕ್ಷೆಗೆ ಹೋಗುವವರಿದ್ದಾರೆ. ನನ್ನ ಲೈಸೆನ್ಸು ಇನ್ನೂ ಜೀವಂತವಾಗಿದೆ, ತಿಂಗಳಿಗೆ ನಾಲ್ಕಾರು ಸಲ ಹಾರುತ್ತಲೇ ಇದ್ದೇನೆ. ಕಚೇರಿಯಲ್ಲಿ ಕೂತ ಕ್ಯಾಪ್ಟನ್‌ಗಳು ಮತ್ತು ಕಾಯಂ ಆಗದ ಕೋ-ಪೈಲಟ್‌ಗಳನ್ನು ಸೇರಿಸಿಕೊಂಡು ದಿನಕ್ಕೆ ಎರಡು ವಿಮಾನವಾದರೂ ನಡೆಸುತ್ತೇನೆ. ನೀವು ಬೇಲಿಯಾಚೆ ನಿಂತು ಘೋಷಣೆ ಕೂಗಿ. ಬಿಸಿಲು ಜಾಸ್ತಿ, ಟೋಪಿ ಹಾಕಿಕೊ.

ಮುಖ್ಯಸ್ಥರು, ಪೈಲಟ್ ವಿಭಾಗ
(ನಿನ್ನ ಅಕ್ಕ ಈ ಸಹಿ ನೋಡಿದರೆ ನನ್ನನ್ನು ಮನೆಯೊಳಗೆ ಬಿಡುವುದಿಲ್ಲ)


ಜೂನ್ 19

ತಮ್ಮಾ,

ಟಿ.ವಿ.ಯಲ್ಲಿ ತೋರಿಸಿದ್ದನ್ನೇ ತೋರಿಸಿದರು. ಮೂಗು ಊರಿಕೊಂಡು ಹುಲ್ಲಿನಲ್ಲಿ ನಿಂತ ಇವರ ವಿಮಾನ, ಬಾಗಿಲಿನಿಂದ ಒಬ್ಬೊಬ್ಬರೇ ಜಾರಿ ಇಳಿಯುವುದು. ಪ್ರಯಾಣಿಕರೆಲ್ಲ ಉಳಿದರು, ಕೈಕಾಲು ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು ಎಂದು ಬಂದವರೆಲ್ಲ ಹೇಳಿ ಹೋಗುತ್ತಾರೆ. ಇವರು ಆ ಮಾತಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ. ಪಕ್ಕದ ಸೀಟಿನಲ್ಲಿದ್ದ, ನೀವೆಲ್ಲ ಮರಿ ಅನ್ನುವ ಆ ಹುಡುಗಿಯ ಬೆನ್ನುಮೂಳೆ ಮುರಿದಿದೆ. ನಡೆದಾಳು, ಹಾರುವುದು ಮಾತ್ರ ಸಾಧ್ಯವಿಲ್ಲ ಎಂದು ಡಾಕ್ಟರು ನನಗೆ ಹೇಳಿದರು. ಇವರಿಗೆ ನಾನು ಇನ್ನೂ ಹೇಳಿಲ್ಲ. ಗೊತ್ತಿದೆ ಎಂದು ಕಾಣುತ್ತದೆ.

ಇವರಿಗೆ ಹಣೆಯ ಮೇಲೆ ನಾಲ್ಕು ಹೊಲಿಗೆ. ಮನೆಗೆ ಕರೆತಂದ ದಿನದಿಂದ ಹಜಾರದ ಕುರ್ಚಿಯಲ್ಲಿ ಕೂತಿದ್ದಾರೆ. ಊಟ ಇಟ್ಟರೆ ಊಟ, ನೀರು ಇಟ್ಟರೆ ನೀರು. ನಿನ್ನೆ ಮಾತ್ರ ಒಂದು ಮಾತು ಕೇಳಿದರು: "ಅವನು ಅವತ್ತು ಬೇಲಿ ಹತ್ರ ಇದ್ನಾ?" ನನಗೆ ಗೊತ್ತಿಲ್ಲ ಅಂದೆ.

ಇದ್ದೆಯಾ? ಏನು ನೋಡಿದೆ? ಹೆದರಿಕೊಂಡು ಬರೆಯಬೇಡ, ಇದ್ದದ್ದು ಇದ್ದ ಹಾಗೆ ಬರಿ. ಫೋನು ಬೇಡ, ಅವರೆದುರು ನನಗೆ ಮಾತಾಡಲಾಗುವುದಿಲ್ಲ.

ನಿನ್ನ ಅಕ್ಕ


ಜೂನ್ 25

ಅಕ್ಕಾ,

ಇದ್ದೆ.

ನಾವು ಮೂವತ್ತು ಮಂದಿ ಇದ್ದೆವು. ಮಧ್ಯಾಹ್ನ, ಸುಡುಬಿಸಿಲು, ಘೋಷಣೆ ಕೂಗಿ ಗಂಟಲು ಒಣಗಿ ಎಲ್ಲರೂ ಬೇಲಿಗೆ ಒರಗಿದ್ದೆವು. ದೂರದಲ್ಲಿ ವಿಮಾನ ಕಂಡಾಗ ಯಾರೋ "ಮೇಷ್ಟ್ರು ಬಂದ್ರು ನೋಡ್ರೋ, ಚಪ್ಪಾಳೆ ತಟ್ಟಿ" ಎಂದು ಗೇಲಿ ಮಾಡಿದರು. ನಾನೂ ನಕ್ಕೆ. ಅದನ್ನೂ ಬರೆಯುತ್ತೇನೆ, ಇದ್ದದ್ದು ಇದ್ದ ಹಾಗೆ ಬರಿ ಎಂದೆಯಲ್ಲ.

ಆಮೇಲೆ ನಗು ನಿಂತಿತು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ವೇಗವೂ ಹೆಚ್ಚು. ಕೆಲಸ ಬಲ್ಲವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಈಗ ಏಳುತ್ತಾರೆ, ಈಗ ಏಳುತ್ತಾರೆ ಎಂದು ಕಾದೆವು. ಭಾವ ಏಳಲಿಲ್ಲ, ಮೂತಿ ಕೆಳಗೆ ಮಾಡಿ ಇಳಿಸತೊಡಗಿದರು. ಆಗ ದಡಿಯ ಕ್ಯಾಪ್ಟನ್ ಕೈಯಲ್ಲಿದ್ದ ಫಲಕ ಎಸೆದು, "ಏಳಿ ಸರ್! ಏಳಿ!" ಎಂದು ಕೂಗಿದ. ಭಾವನ ಮೇಲೆ ಪತ್ರಿಕೆಗೆ ಎಲ್ಲ ಹೇಳಿಕೊಟ್ಟವನು ಅವನೇ. ಆಮೇಲೆ ಎಲ್ಲರೂ ಕೂಗಿದೆವು. ಮೂವತ್ತು ಜನ ಬೇಲಿಯ ತಂತಿ ಹಿಡಿದು ಏಳಿ, ಏಳಿ, ಏಳಿ ಎಂದು ಹುಚ್ಚರ ಹಾಗೆ ಕೂಗಿದೆವು. ಆ ಇಂಜಿನ್ನಿನ ಸದ್ದಿನಲ್ಲಿ, ಅಷ್ಟು ದೂರದಿಂದ, ಕೇಳುವುದು ಹೇಗೆ? ಆದರೂ ಕೂಗಿದೆವು. ವಿಮಾನ ನೆಲಕ್ಕೆ ಬಡಿದು, ಪುಟಿದು, ಮತ್ತೆ ಬಡಿಯಿತು. ಮುಂದಿನ ಚಕ್ರ ಮುರಿಯಿತು. ಹುಲ್ಲಿಗೆ ಜಾರಿ ಹೋಗಿ ನಿಂತಿತು. ದಡಿಯ ಅಲ್ಲೇ ಕೂತು ಅತ್ತ.

ಭಾವನಿಗೆ ಇದನ್ನು ಓದಿ ಹೇಳು. ಅವರ ಶಿಷ್ಯರು ಯಾರೂ ಅವರು ಬೀಳಲಿ ಎಂದು ನಿಂತಿರಲಿಲ್ಲ.

ಇನ್ನೊಂದು ಇದೆ, ಅದು ಅವರಿಗಲ್ಲ, ನಿನಗೆ. ಮುಷ್ಕರದ ಹಿಂದಿನ ದಿನ ಮರಿ ನನಗೆ ಫೋನು ಮಾಡಿದ್ದಳು. "ಸರ್, ನಾನು ಹಾರದಿದ್ರೆ ಕೆಲಸ ಹೋಗುತ್ತೆ. ಹಾರಿದ್ರೆ ನೀವೆಲ್ಲ ಮಾತು ಬಿಡ್ತೀರಾ?" ಎಂದು ಕೇಳಿದಳು. ಬಾಲಬಡುಕರ ಜೊತೆ ನನಗೇನು ಮಾತು ಎಂದು ಫೋನು ಇಟ್ಟೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಆಸ್ಪತ್ರೆಗೆ ಎರಡು ಸಲ ಹೋದೆ, ಬಾಗಿಲವರೆಗೆ. ಒಳಗೆ ಅವಳಮ್ಮ ಅವಳ ಕೂದಲು ಬಾಚುತ್ತಿದ್ದರು. ತಿರುಗಿ ಬಂದೆ.

ಇಲ್ಲಿ ಇನ್ನು ನನ್ನಿಂದ ಆಗುವುದಿಲ್ಲ ಅಕ್ಕಾ. ಬೇರೆ ಕಡೆ ಕೆಲಸ ನೋಡಿದ್ದೇನೆ. ದೂರ. ಹೋಗುವ ಮುಂಚೆ ಬಂದು ಹೋಗು ಎಂದು ನೀನು ಬರೆಯುತ್ತೀಯ, ನನಗೆ ಗೊತ್ತು. ದಯವಿಟ್ಟು ಬರೆಯಬೇಡ.

ನಿನ್ನ ತಮ್ಮ


ನವೆಂಬರ್ 8

ಮೊಂಡ,

ನೀನು ಹೋದ ಮೇಲೆ ಬರೆಯುವ ಮೊದಲ ಕಾಗದ ಇದು. ವಿಳಾಸ ನಿನ್ನ ಅಕ್ಕ ಕೊಟ್ಟಳು. ಅಲ್ಲಿ ವಿಮಾನಗಳು ದೊಡ್ಡವಂತೆ, ರನ್‌ವೇ ಉದ್ದವಂತೆ. ಒಳ್ಳೆಯದಾಯಿತು.

ಸುತ್ತೋಲೆಯನ್ನು ಜುಲೈನಲ್ಲೇ ಕಿತ್ತರು. ಸಂಘಕ್ಕೆ ಜಯ ಎಂದು ಪತ್ರಿಕೆಯಲ್ಲಿ ಬಂತು. ನನ್ನನ್ನು ಯಾರೂ ತೆಗೆಯಲಿಲ್ಲ, ನಾನೇ ಬಿಟ್ಟೆ. ನಾನು ಬರೆದಿಟ್ಟು ಸಹಿ ಹಾಕದ ಕಾಗದ ಮೇಜಿನ ಡ್ರಾಯರಿನಲ್ಲೇ ಇತ್ತು. ಒಂದು ಸಹಿ. ಸೋತೆ ಅನ್ನಿಸಿಕೊಳ್ಳಬಾರದೆಂದು ತಡೆದ ಒಂದು ಸಹಿ. ಈಗ ಎದೆ ಬಡಿದುಕೊಂಡು ಫಲವಿಲ್ಲ, ಆದರೂ ದಿನಕ್ಕೊಮ್ಮೆ ಬಡಿದುಕೊಳ್ಳುತ್ತೇನೆ.

ನಿನ್ನ ಜೂನ್ ತಿಂಗಳ ಕಾಗದವನ್ನು ನಿನ್ನ ಅಕ್ಕ ಓದಿ ಹೇಳಿದಳು. ನಿನ್ನ ಖಾಸಗಿ ಮಾತು ಬಂದಲ್ಲಿ ನಿಲ್ಲಿಸಿದಳು, ಅದೇನೆಂದು ನಾನು ಕೇಳಲಿಲ್ಲ. ನೀವೆಲ್ಲ ಏಳಿ ಎಂದು ಕೂಗಿದ್ದು ಕೇಳಿ ನನಗೆ ಸಮಾಧಾನವಾಗುತ್ತದೆ ಎಂದು ನೀನು ಅಂದುಕೊಂಡಿರಬೇಕು. ಮೇಲಿನಿಂದ ನೀವು ಬೇಲಿಯ ಉದ್ದಕ್ಕೂ ಚುಕ್ಕಿಗಳ ಹಾಗೆ ಕಾಣುತ್ತಿದ್ದಿರಿ. ನನ್ನ ಕೈ ಲಿವರಿನ ಮೇಲೇ ಇತ್ತು. ಏಳಬೇಕು ಎಂದು ಕೈಗೆ ಗೊತ್ತಿತ್ತು. ಸುತ್ತೋಲೆ ಹೊರಡಿಸಿದವನೇ ಎಲ್ಲರೆದುರು ಎದ್ದ ಎಂದು ನಗುತ್ತೀರಿ ಅಂದುಕೊಂಡೆ. ನಿಜ ಹೇಳಲೇ? ನೀನು ನಗುತ್ತೀಯ ಅಂದುಕೊಂಡೆ. ನೀವು ಕೂಗುತ್ತಿದ್ದಾಗ ನನಗೆ ಕೇಳಿಸಿದ್ದು ನಗು.

ಮೊನ್ನೆ ಅಪಘಾತದ ವಿಚಾರಣೆಯ ಕೊನೆಯ ದಿನ. ಅಧಿಕಾರಿಗಳು ಮೂರು ಜನ, ನಾನು, ಮತ್ತು ಮರಿ. ಬೆನ್ನಿಗೆ ಗಟ್ಟಿ ಪಟ್ಟಿ ಬಿಗಿದುಕೊಂಡು, ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದಳು. ಬೇಡಮ್ಮ ಅಂದೆ. ಕಾಕ್‌ಪಿಟ್ಟಿನ ಮಾತುಗಳ ರೆಕಾರ್ಡನ್ನು ಅಂದು ಮೊದಲ ಬಾರಿಗೆ ನಮಗೆ ಕೇಳಿಸಿದರು.

ಅವಳು "ಏಳಿ ಸರ್" ಅಂದದ್ದು ನನಗೆ ನೆನಪಿತ್ತು. ನಾನು "ಇರು, ಆಗುತ್ತೆ" ಅಂದದ್ದೂ ನೆನಪಿತ್ತು. ಎರಡನ್ನೂ ಮೊದಲೇ ಬರೆದುಕೊಟ್ಟಿದ್ದೆ. ಆದರೆ ಅದರ ಮೇಲೆ ಅವಳು ಇನ್ನೊಂದು ಮಾತು ಆಡಿದ್ದಳು. ಅದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ದನಿ ಸ್ಪಷ್ಟವಾಗಿತ್ತು, ಒಂದಿಷ್ಟೂ ನಡುಕವಿರಲಿಲ್ಲ. ದೊಡ್ಡವರು ಯಾವುದಕ್ಕೋ ಹಿಂಜರಿಯುವುದನ್ನು ಕಂಡು ಮಕ್ಕಳು ಧೈರ್ಯ ಹೇಳುತ್ತಾರಲ್ಲ, ಹಾಗೆ ಹೇಳಿದಳು:

"ಏಳಿ ಸರ್. ವಿವರಣೆ ನಾನೇ ಬರೀತೀನಿ."

ಅಧಿಕಾರಿ ಯಂತ್ರ ನಿಲ್ಲಿಸಿ, ಯಾವ ವಿವರಣೆ ಎಂದು ಕೇಳಿದರು. ಅವಳು ತಲೆ ತಗ್ಗಿಸಿ ಸುಮ್ಮನಿದ್ದಳು. ನನ್ನನ್ನು ಉಳಿಸಲು ನೋಡುತ್ತಿದ್ದಳು, ಆಗಲೂ.

ನಾನು ಸಹಿ ಹಾಕಿ ಕೇಳಿದ್ದು, ಅಂದೆ.

ನಿನ್ನ ಭಾವ